ಮಲೆನಾಡಿನ ಇಳಿಜಾರಿಗೆ ಸಾಲದ ಬ್ರೇಕು: ಒಂದು ಗ್ರಾವೆಲ್ ಸೈಕಲ್‌ನ ದೀರ್ಘ ಬಳಕೆಯ ವಿಮರ್ಶೆ

ಈ ಸೈಕಲ್‌ನ ಚೌಕಟ್ಟು, ತೂಕ, ಬಣ್ಣಗಳ ವಿವರವನ್ನು ಕೊಳ್ಳಲು ಹೊರಟವರು ಈಗಾಗಲೇ ನೋಡಿರುತ್ತಾರಾದ್ದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಡಾಂಬರು, ಜಲ್ಲಿ, ಮಣ್ಣು ಎಲ್ಲದರ ಮೇಲೂ ಓಡಿಸಲೆಂದು ಮಾಡಿದ ಗ್ರಾವೆಲ್ ಸೈಕಲ್‌ಗಳ ಪೈಕಿ ಒಂದು ಲಕ್ಷ ರೂಪಾಯಿಯೊಳಗೆ ದೊರೆಯುವ ಹಲವಕ್ಕೆ ಇದೇ ಬಗೆಯ, ಕೇಬಲ್ ಎಳೆದು ಹಿಡಿಯುವ ಡಿಸ್ಕ್ ಬ್ರೇಕ್ ಇರುತ್ತದೆ. ನನ್ನ ದೂರು ಇರುವುದು ಆ ಬ್ರೇಕಿನ ಮೇಲೆ. ಸಕಲೇಶಪುರ ತಾಲ್ಲೂಕಿನ ಹಾನುಬಾಳು, ವಣಗೂರು, ಬಿಸಿಲೆ ಕಡೆಗಳಲ್ಲಿ ಮಳೆ ಬಿಸಿಲೆನ್ನದೆ ಕೆಲವು ವರ್ಷ ಓಡಿಸಿದ ಮೇಲೆ ಬರೆಯುತ್ತಿರುವ ಮಾತುಗಳಿವು. ಬೆಂಗಳೂರಿನ ಹೊರವಲಯದಲ್ಲಿ, ನಂದಿಬೆಟ್ಟದ ಸುತ್ತಮುತ್ತ ಓಡಿಸುವವರ ಅನುಭವ ಇದಕ್ಕಿಂತ ಬೇರೆಯಾಗಿರಬಹುದು.

ಮೊದಲು ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಅದು ಸಣ್ಣದಲ್ಲ. ನಮ್ಮ ಕಡೆಯ ತೋಟದ ರಸ್ತೆಗಳು ಜೀಪಿಗೆಂದು ಕಡಿದ ರಸ್ತೆಗಳು. ಸುತ್ತಿ ಬಳಸಿ ಹತ್ತುವ ತಾಳ್ಮೆ ಅವುಗಳಿಗಿಲ್ಲ, ಗುಡ್ಡದ ನೆತ್ತಿಗೆ ನೇರವಾಗಿಯೇ ಏರುತ್ತವೆ. ಒಂದು ಫರ್ಲಾಂಗು ಡಾಂಬರು, ಆಮೇಲೆ ಕಿತ್ತುಹೋದ ಜಲ್ಲಿ, ಆಮೇಲೆ ಕೆಂಪು ಮಣ್ಣು, ತಿರುವಿನಲ್ಲಿ ಮಾತ್ರ ಯಾರೋ ಹಾಕಿಸಿದ ಕಾಂಕ್ರೀಟು, ಹೀಗೆ ಒಂದೇ ಬೆಳಗಿನಲ್ಲಿ ನಾಲ್ಕು ಬಗೆಯ ನೆಲ ಚಕ್ರದಡಿಗೆ ಬರುತ್ತದೆ. ತೆಳು ಟೈರಿನ ರೋಡ್ ಸೈಕಲ್ ಜಲ್ಲಿ ಬಂದ ಕೂಡಲೇ ಕೈ ಮರಗಟ್ಟಿಸುತ್ತಿತ್ತು. ದಪ್ಪ ಟೈರಿನ ಮೌಂಟನ್ ಬೈಕ್ ಡಾಂಬರಿನ ಮೇಲೆ ಕಾಲಿನ ಶಕ್ತಿಯನ್ನೆಲ್ಲ ನುಂಗುತ್ತಿತ್ತು. ಇದರ 40 ಮಿಲಿಮೀಟರ್ ಅಗಲದ ಟೈರು ಎರಡನ್ನೂ ಸಹಿಸಿಕೊಳ್ಳುತ್ತದೆ. ಮುಂದೆ 30 ಹಲ್ಲಿನ ಚಿಕ್ಕ ಚಕ್ರ, ಹಿಂದೆ 34 ಹಲ್ಲಿನ ದೊಡ್ಡ ಚಕ್ರ ಸೇರಿದಾಗ ಮೇಕನಗದ್ದೆ ಕಡೆಯ ಏರುಗಳನ್ನೂ ಸೀಟಿನಿಂದ ಏಳದೆ ಹತ್ತಬಹುದು. ಏರಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ನನಗೆ ನಿರೀಕ್ಷೆಯಿಲ್ಲದೆ ದೊರೆತ ಸಂತೋಷವೆಂದರೆ ಟ್ಯೂಬ್‌ಲೆಸ್ ಟೈರಿನ ನಿತ್ಯದ ಆರೈಕೆ. ಬೆಳಿಗ್ಗೆ ಕಾಫಿಯ ಲೋಟವನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ಮೀಟರ್ ಇರುವ ನಿಂತು ಹೊಡೆಯುವ ಪಂಪಿನಿಂದ ಗಾಳಿಯನ್ನು ಸರಿಮಾಡುವುದು ಈಗ ಅಭ್ಯಾಸವಾಗಿದೆ. ನನ್ನ ತೂಕಕ್ಕೆ ಬೇಸಿಗೆಯಲ್ಲಿ ಹಿಂದಿನ ಚಕ್ರಕ್ಕೆ 38 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಮುಂದಿನದಕ್ಕೆ 35. ಮಳೆ ಹಿಡಿದ ಮೇಲೆ ಎರಡರಲ್ಲೂ ಐದಾರು ಕಡಿಮೆ. ಕಡಿಮೆ ಮಾಡುವ ಆ ಐದಾರರಲ್ಲೇ ಒದ್ದೆ ಬೇರು, ಒದ್ದೆ ಕಲ್ಲಿನ ಮೇಲಿನ ಹಿಡಿತವೆಲ್ಲ ಇದೆ. ಟೈರಿನ ತೂತನ್ನು ತಾನೇ ಮುಚ್ಚುವ ಒಳಗಿನ ಸೀಲೆಂಟ್ ದ್ರವ ಬೇಸಿಗೆಯಲ್ಲಿ ಬೇಗ ಒಣಗುವುದರಿಂದ ಚಕ್ರವನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಒಳಗೆ ಕುಲುಕುವ ಸದ್ದು ಕೇಳದಿದ್ದರೆ ವಾಲ್ವ್ ಬಿಚ್ಚಿ ಮತ್ತೆ ಸ್ವಲ್ಪ ತುಂಬುತ್ತೇನೆ. ಬೇಲಿ ಸವರಿದ ಮರುದಿನ ರಸ್ತೆಯಲ್ಲಿ ಮುಳ್ಳು ಹರಡಿರುತ್ತದೆ. ಟೈರಿನಲ್ಲಿ ಬಿಳಿ ಚುಕ್ಕೆಯೊಂದು ಮೂಡಿ ಅಲ್ಲಿಗೇ ಮುಚ್ಚಿಕೊಂಡಿದ್ದನ್ನು ಮನೆಗೆ ಬಂದ ಮೇಲಷ್ಟೇ ಕಾಣುತ್ತೇನೆ. ಸೀಟಿನ ಕೆಳಗಿನ ಚೀಲದಲ್ಲಿ ಈಗ ಪಂಕ್ಚರ್ ಸಾಮಾನಿಗಿಂತ ಉಪ್ಪಿನ ಗಂಟಿಗೇ ಹೆಚ್ಚು ಕೆಲಸ. ಜೂನ್ ಬಂದಿತೆಂದರೆ ಒಂದು ನಿಮಿಷ ಕಾಲೂರಿ ನಿಂತರೂ ಇಂಬಳಗಳು, ಅಂದರೆ ಜಿಗಣೆಗಳು, ಶೂಗೆ ಹತ್ತಿಬಿಡುತ್ತವೆ.

ಇನ್ನು ಬ್ರೇಕಿನ ವಿಚಾರ. ನಮ್ಮಲ್ಲಿ ತೋಟದವರು ಮಳೆಯನ್ನು ಇಂದಿಗೂ ಇಂಚಿನ ಲೆಕ್ಕದಲ್ಲಿಯೇ ಹೇಳುತ್ತಾರೆ, ಜುಲೈ ತಿಂಗಳಿನಲ್ಲಿ ಆ ಲೆಕ್ಕ ದಿನದಿನಕ್ಕೂ ಏರುತ್ತದೆ. ಆ ದಿನಗಳಲ್ಲಿ ಕೆಂಪು ಮಣ್ಣಿನ ಕೆಸರು ಚಕ್ರದಿಂದ ಸಿಡಿದು, ಚಕ್ರದ ನಡುವಿನ ಲೋಹದ ತಟ್ಟೆಯಾದ ಡಿಸ್ಕಿನ ಮೇಲೆ ಸದಾ ತೆಳುವಾಗಿ ಅಂಟಿರುತ್ತದೆ. ಕೆಸರಿನೊಳಗಿನ ಸಣ್ಣ ಹರಳು ಸೈಕಲ್ ಜೊತೆಗೇ ಬಂದ, ಡಿಸ್ಕನ್ನು ಒತ್ತಿ ಹಿಡಿಯುವ ರೆಸಿನ್ (ರಾಳದ) ಪ್ಯಾಡ್‌ಗಳನ್ನು ಮರಳುಕಾಗದದಂತೆ ಉಜ್ಜುತ್ತದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಾಳುವ ಪ್ಯಾಡು ಆಷಾಢದ ಒಂದೇ ದೀರ್ಘ ಇಳಿಜಾರಿನಲ್ಲಿ ಕಣ್ಣಿಗೆ ಕಾಣುವಷ್ಟು ಸವೆಯುತ್ತದೆ ಎಂದರೆ, ಇಲ್ಲಿ ಓಡಿಸಿ ನೋಡದವರು ನಂಬುವುದಿಲ್ಲ.

ಸವೆಯುವುದನ್ನಾದರೂ ಒಪ್ಪಿಕೊಳ್ಳಬಹುದಿತ್ತು, ಒಪ್ಪಿಕೊಳ್ಳಲಾಗದ್ದು ಅದರ ರಚನೆ. ಈ ಬ್ರೇಕಿನಲ್ಲಿ ಕೇಬಲ್ ಎಳೆದಾಗ ಎರಡು ಪ್ಯಾಡ್‌ಗಳ ಪೈಕಿ ಹೊರಬದಿಯದು ಮಾತ್ರ ಚಲಿಸುತ್ತದೆ. ಅದು ಡಿಸ್ಕನ್ನು ಒಂದಿಷ್ಟು ಬಾಗಿಸಿ, ಒಳಬದಿಯಲ್ಲಿ ಅಲುಗಾಡದೆ ಕುಳಿತಿರುವ ಇನ್ನೊಂದು ಪ್ಯಾಡಿಗೆ ಒತ್ತುತ್ತದೆ. ಒಳಗಿನದು ಸವೆದಂತೆಲ್ಲ ಡಿಸ್ಕ್ ಹೆಚ್ಚು ಹೆಚ್ಚು ಬಾಗಬೇಕಾಗುತ್ತದೆ, ಲಿವರ್ ಹ್ಯಾಂಡಲ್ಲಿನ ಹತ್ತಿರಕ್ಕೆ ಬರುತ್ತಾ ಹೋಗುತ್ತದೆ. ಕೇಬಲಿನ ಬದಲು ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕಿನಲ್ಲಾದರೆ ಸವೆತಕ್ಕೆ ತಕ್ಕಂತೆ ಪಿಸ್ಟನ್ ತಾನೇ ಮುಂದೆ ಸರಿದು ಅಂತರವನ್ನು ಕಾಯ್ದುಕೊಳ್ಳುತ್ತದೆ. ಇಲ್ಲಿ ಆ ಕೆಲಸ ಸವಾರನದು. ಅಂದರೆ ಇಳಿಜಾರಿನ ನಡುವೆ ಸೈಕಲ್ ನಿಲ್ಲಿಸಿ, ಸುರಿಯುವ ಮಳೆಯಲ್ಲಿ ಒಂದು ಕಾಲನ್ನು ಹುಲ್ಲಿನಲ್ಲಿಟ್ಟು, ಕಡ್ಡಿಗಳ ಸಂದಿಯಿಂದ ಅಲೆನ್ ಕೀ ತೂರಿಸಿ ಒಳಗಿನ ಸ್ಕ್ರೂವನ್ನು ಅಂದಾಜಿನ ಮೇಲೆ ತಿರುಗಿಸಬೇಕು. ತುಸು ಹೆಚ್ಚಾದರೆ ಡಿಸ್ಕ್ ಉಜ್ಜುತ್ತದೆ, ತುಸು ಕಡಿಮೆಯಾದರೆ ಬ್ರೇಕ್ ಹಿಡಿಯುವುದಿಲ್ಲ. ಪಾಚಿಗಟ್ಟಿದ ಕಾಂಕ್ರೀಟಿನ ಇಳಿತದಲ್ಲಿ, ಎದುರಿಗೆ ಕೂಲಿಯವರನ್ನು ತುಂಬಿಕೊಂಡ ಪಿಕಪ್ ಬರುತ್ತಿರುವಾಗ, ಲಿವರ್ ಹ್ಯಾಂಡಲ್ಲಿಗೆ ತಾಗುವುದೆಂದರೆ ಏನೆಂಬುದನ್ನು ಈ ಸೈಕಲ್‌ಗೆ ‘ಎಲ್ಲ ದಾರಿಗೂ ಸಲ್ಲುವುದು’ ಎಂದು ಜಾಹೀರಾತು ಬರೆದವರು ಯೋಚಿಸಿದಂತೆ ಕಾಣುವುದಿಲ್ಲ. ಮಾರಿದ ಅಂಗಡಿಯಲ್ಲಿ ವಿಚಾರಿಸಿದಾಗ ದೊರೆತ ಉತ್ತರ ಇಷ್ಟೇ: “ಮಳೆಯಲ್ಲಿ ಯಾಕೆ ಓಡಿಸ್ತೀರಿ ಸಾರ್?” ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ಊರಿನವನಿಗೆ ಈ ಪ್ರಶ್ನೆ ಕೇಳಬಾರದು.

ಸಿಂಟರ್ಡ್ ಎಂದು ಕರೆಯುವ ಲೋಹದ ಪ್ಯಾಡ್‌ಗಳು ಕೆಸರಿನಲ್ಲಿ ಹೆಚ್ಚು ಬಾಳುತ್ತವೆ. ಆದರೆ ಸೈಕಲ್ ಜೊತೆ ಬಂದ ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಬಳಸಬೇಕೆಂದು ಕೆತ್ತಿರುವುದರಿಂದ, ಡಿಸ್ಕನ್ನೂ ಬದಲಾಯಿಸದೆ ಅವನ್ನು ಹಾಕುವಂತಿಲ್ಲ. ಪೂರ್ತಿ ಹೈಡ್ರಾಲಿಕ್‌ಗೆ ಹೋಗಬೇಕಾದರೆ ಗೇರು ಬದಲಿಸುವ ಲಿವರುಗಳನ್ನೂ ಹೊಸದಾಗಿ ಕೊಳ್ಳಬೇಕು. ಅದು ಸೈಕಲ್ಲಿನ ಬೆಲೆಯ ದೊಡ್ಡ ಪಾಲನ್ನೇ ಕೇಳುತ್ತದೆ, ನನ್ನ ಸಂಬಳಕ್ಕೆ ಒಗ್ಗುವ ಮಾತಲ್ಲ. ಕೊನೆಗೆ ಮುಂದಿನ ಚಕ್ರಕ್ಕೆ ಮಾತ್ರ, ಕೇಬಲಿನದೇ ಆದರೂ ಎರಡೂ ಪ್ಯಾಡ್‌ಗಳು ಒಟ್ಟಿಗೆ ಚಲಿಸುವ ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದಿಡುವ ಭಾಗ), ಹೊಸ ಡಿಸ್ಕ್ ಮತ್ತು ಲೋಹದ ಪ್ಯಾಡ್ ಹಾಕಿಸಿದೆ. ಇಳಿಜಾರಿನಲ್ಲಿ ತೂಕವೆಲ್ಲ ಮುಂದಕ್ಕೆ ಬೀಳುವುದರಿಂದ ನಿಲ್ಲಿಸುವ ಹೊಣೆಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಒದ್ದೆಯಾದಾಗ ಅದು ಕಿರುಚುವ ಸದ್ದು ಕೂಲಿಯವರ ಲೈನ್ ಮನೆಗಳ ನಾಯಿಗಳನ್ನೆಲ್ಲ ಎಬ್ಬಿಸುತ್ತದೆ. ತೋಟದ ಲೆಕ್ಕಪತ್ರ ನೋಡುವ ರೈಟರು ನನ್ನನ್ನು ನೋಡದೆಯೇ ನಾನು ಬಂದೆನೆಂದು ಗೇಟು ತೆಗೆಸುತ್ತಾರೆ. ನಿಲ್ಲುತ್ತದೆ ಎಂಬ ನಂಬಿಕೆ ಬಂದ ಮೇಲೆ ಈ ಸೈಕಲ್ ಮೇಲಿನ ನನ್ನ ಸಿಟ್ಟು ಬಹಳಷ್ಟು ಇಳಿದಿದೆ.

ನವೆಂಬರಿನಿಂದ ಮೇ ತಿಂಗಳವರೆಗೆ ಇದಕ್ಕಿಂತ ತಕ್ಕ ಸೈಕಲ್ ಈ ದಾರಿಗಳಿಗೆ ಬೇರೊಂದಿಲ್ಲ ಎಂದೇ ಹೇಳುತ್ತೇನೆ. ಅರೇಬಿಕಾ ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಹರವಿದ ಹಣ್ಣಿನ ಹುಳಿವಾಸನೆಯ ನಡುವೆ, ಮಾರ್ಚ್ ಏಪ್ರಿಲಿನ ಮೊದಲ ಮಳೆಯ ಬೆನ್ನಿಗೆ ಇಡೀ ತೋಟ ಬಿಳಿಯ ಹೂ ಬಿಟ್ಟಾಗ, ಸಿಲ್ವರ್ ಓಕಿನ ನೆರಳಿನಲ್ಲಿ ಮೋಟಾರಿನ ಸದ್ದಿಲ್ಲದೆ ಹೋಗುವುದಕ್ಕೇ ಇದನ್ನು ಮಾಡಿದಂತಿದೆ. ವಣಗೂರು ಕೂಡುರಸ್ತೆಯಿಂದ ಬಿಸಿಲೆಯ ಕಡೆ ಹೋಗುವ ದಾರಿ ನನಗೆ ಎಲ್ಲಕ್ಕಿಂತ ಇಷ್ಟ. ಬಿಸಿಲೆಯ ವೀಕ್ಷಣಾ ಸ್ಥಳದಲ್ಲಿ ಮೋಡವಿಲ್ಲದಿದ್ದರೆ ಎದುರಿಗೇ ಕುಮಾರಪರ್ವತ ಕಾಣುತ್ತದೆ. ಅಲ್ಲಿಂದ ಮುಂದೆ ಕುಳ್ಕುಂದದವರೆಗೆ ಕಾಯ್ದಿಟ್ಟ ಅರಣ್ಯದೊಳಗಿನ ಇಳಿತ. ಇಳಿದಷ್ಟನ್ನೂ ಮತ್ತೆ ಹತ್ತಿ ಬರಬೇಕೆಂಬ ನೆನಪಿರಲಿ. ಈ ಭಾಗದಲ್ಲಿ ಆನೆಗಳ ಓಡಾಟ ಸಾಮಾನ್ಯ. ಅರಣ್ಯ ಇಲಾಖೆಯ ಎಚ್ಚರಿಕೆಯನ್ನು ನೋಡದೆ, ಅಥವಾ ದಾರಿಯ ಅಂಗಡಿಯಲ್ಲಿ “ಆನೆ ಎಲ್ಲಿದೆ?” ಎಂದು ಕೇಳದೆ ನಾನು ಮುಂದೆ ಹೋಗುವುದಿಲ್ಲ, ಬಿಸಿಲು ನೆಲಕ್ಕೆ ಬೀಳುವ ಮೊದಲು ಹೊರಡುವುದೂ ಇಲ್ಲ. ಸದ್ದಿಲ್ಲದ ವಾಹನದ ಸುಖ ಆನೆಯ ವಿಷಯದಲ್ಲಿ ಅಪಾಯವೇ. ಶಿರಾಡಿ ಘಾಟಿಯ ಹೆದ್ದಾರಿಯನ್ನಂತೂ ಟ್ಯಾಂಕರುಗಳಿಗೇ ಬಿಟ್ಟುಕೊಡುವುದು ಮೇಲು.

ಇದೇ ದರದ ಸೈಕಲ್ ಕೊಳ್ಳಲು ಹೊರಟವರು ಮಲೆನಾಡಿನವರಾದರೆ, ಅಂಗಡಿಯಲ್ಲಿ ಬ್ರೇಕ್ ಲಿವರನ್ನು ನಿಧಾನವಾಗಿ ಒತ್ತುತ್ತಾ ಡಿಸ್ಕಿನ ಕಡೆ ನೋಡಬೇಕು. ಡಿಸ್ಕ್ ಒಂದು ಬದಿಗೆ ಬಾಗಿದರೆ ಅದು ನಾನು ಹೇಳಿದ ಬ್ರೇಕೇ. ಮುಂದಿನ ಕ್ಯಾಲಿಪರ್, ಡಿಸ್ಕ್, ಪ್ಯಾಡ್‌ಗಳ ಖರ್ಚನ್ನು ಅಲ್ಲಿಯೇ ಬೆಲೆಗೆ ಸೇರಿಸಿ, ಅಷ್ಟರಲ್ಲಿ ಹೈಡ್ರಾಲಿಕ್ ಇರುವ ಹಿಂದಿನ ವರ್ಷದ ಮಾದರಿ ಸಿಗುತ್ತದೆಯೇ ಎಂದು ವಿಚಾರಿಸಬೇಕು. ಸಿಗದಿದ್ದರೆ ಇದನ್ನೇ ಕೊಳ್ಳಬಹುದು, ಆದರೆ ಜೂನ್ ಬರುವುದರೊಳಗೆ ಮುಂದಿನ ಬ್ರೇಕನ್ನು ಬದಲಾಯಿಸಿರಬೇಕು. ಪ್ಯಾಡ್‌ಗಳನ್ನು ಮಾತ್ರ ಮೇ ತಿಂಗಳಿನಲ್ಲೇ ತರಿಸಿಟ್ಟುಕೊಳ್ಳಿ. ನಮ್ಮ ಕಡೆಯ ಸೈಕಲ್ ಅಂಗಡಿಗಳಲ್ಲಿ ಅವು ಸಿಗುವುದಿಲ್ಲ, ಬೆಂಗಳೂರಿನಿಂದ ಕೊರಿಯರಿನಲ್ಲಿ ಬರಬೇಕು, ಮಳೆಗಾಲದಲ್ಲಿ ಘಟ್ಟದ ಕೊರಿಯರು ತಡ.