ಹಿಮಪ್ರವಾಸದವರು ಕೊಡುವ ಕಪ್ಪು ಕನ್ನಡಕವನ್ನು ಪರೀಕ್ಷಿಸದೆ ಧರಿಸಬೇಡಿ

ಹಿಮಪ್ರದೇಶಕ್ಕೆ ಪ್ರವಾಸ ಕರೆದೊಯ್ಯುವ ಸಂಸ್ಥೆಗಳು ಕೋಟು, ಬೂಟು, ಕೈಗವಸುಗಳ ಜೊತೆಗೆ ಒಂದು ಕಪ್ಪು ಕನ್ನಡಕವನ್ನೂ ಕೊಟ್ಟು, ಎಲ್ಲವೂ ಶುಲ್ಕದಲ್ಲಿ ಸೇರಿದೆ ಎಂದು ಹೇಳುವುದು ನಿಮಗೆಲ್ಲ ಗೊತ್ತಿರುವುದೇ. ಕೋಟು ತೆಳುವಾಗಿದ್ದರೆ ಅಲ್ಲೇ ಚಳಿಯಾಗುತ್ತದೆ, ಬೂಟು ತೂತಾಗಿದ್ದರೆ ಅಲ್ಲೇ ಕಾಲು ಒದ್ದೆಯಾಗುತ್ತದೆ, ಆದ್ದರಿಂದ ಅವುಗಳಲ್ಲಿ ಮೋಸ ಮಾಡಲು ಅವರಿಗೆ ಧೈರ್ಯ ಸಾಲದು. ಕನ್ನಡಕದ ಮೋಸ ಮಾತ್ರ ಹಾಗೆ ತಕ್ಷಣ ಬಯಲಾಗುವುದಿಲ್ಲ, ಏಕೆಂದರೆ ಹಿಮದ ಬೆಳಕಿನಿಂದ ಸುಟ್ಟ ಕಣ್ಣು ನೋಯಲು ಆರಂಭಿಸುವುದು ಹಲವು ಗಂಟೆಗಳ ನಂತರ. ಅಷ್ಟರಲ್ಲಿ ಕನ್ನಡಕ ಅವರ ಪೆಟ್ಟಿಗೆ ಸೇರಿರುತ್ತದೆ.

ನನಗೆ ಕೊಟ್ಟ ಕನ್ನಡಕದ ಗಾಜಿನ ಮೇಲೆ ‘ಯುವಿ 400’ ಎಂಬ ಚೀಟಿ ಅಂಟಿಸಲಾಗಿತ್ತು. ಅಂದರೆ 400 ನ್ಯಾನೊಮೀಟರ್‌ವರೆಗಿನ ತರಂಗಾಂತರದ ನೇರಳಾತೀತ (ಯುವಿ) ಕಿರಣಗಳನ್ನು ಅದು ತಡೆಯಬೇಕು. ಅಂದು ಮೋಡ ಕವಿದಿತ್ತು. ಕನ್ನಡಕದ ಬದಿಗಳಿಂದ ಬೆಳಕು ನುಗ್ಗುತ್ತಿದೆ ಎಂದು ನಾನು ಹೇಳಿದಾಗ, ಜೊತೆಗಿದ್ದ ಮಾರ್ಗದರ್ಶಿ ನಗುತ್ತಾ, “ಸೂರ್ಯನೇ ಇಲ್ಲವಲ್ಲ ಸಾರ್, ಬೇಕಾದರೆ ತೆಗೆದುಬಿಡಿ, ಫೋಟೊ ಚೆನ್ನಾಗಿ ಬರುತ್ತದೆ” ಎಂದರು. ಸೂರ್ಯನೇ ಇಲ್ಲವಂತೆ! ತೆಳು ಮೋಡವನ್ನು ದಾಟಿ ನೇರಳಾತೀತ ಕಿರಣಗಳು ಬರುತ್ತಲೇ ಇರುತ್ತವೆ. ಹೊಸದಾಗಿ ಬಿದ್ದ ಹಿಮ ಅವುಗಳಲ್ಲಿ ಶೇಕಡ 80ರಷ್ಟನ್ನು ಮೇಲಕ್ಕೆ ಪ್ರತಿಫಲಿಸುತ್ತದೆ, ಒಣ ಮರಳಾದರೆ ಸುಮಾರು ಶೇಕಡ 15 ಮಾತ್ರ. ಸಾಲದ್ದಕ್ಕೆ ಪ್ರತಿ 1000 ಮೀಟರ್ ಮೇಲೇರಿದಂತೆ ಈ ಕಿರಣಗಳ ತೀವ್ರತೆ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ಬೆಳಕು ಕೆಳಗಿನಿಂದಲೂ ಬರುವುದರಿಂದ ಟೋಪಿಯ ಅಂಚೊಂದೇ ಕಣ್ಣನ್ನು ಕಾಯಲಾರದು. ಜನರನ್ನು ಹಿಮಕ್ಕೆ ಕರೆದೊಯ್ಯುವುದನ್ನೇ ವೃತ್ತಿ ಮಾಡಿಕೊಂಡವರಿಗೆ ಇಷ್ಟೂ ತಿಳಿಯದೆಂದರೆ ನಾನು ನಂಬುವುದಿಲ್ಲ.

ರಾತ್ರಿ ಊಟ ಮುಗಿಯುವ ಹೊತ್ತಿಗೆ ಕಣ್ಣಿನಲ್ಲಿ ಮರಳು ಸೇರಿದಂತೆ ಕಿರಿಕಿರಿ ಶುರುವಾಯಿತು. ನಡುರಾತ್ರಿಯ ವೇಳೆಗೆ ರೆಪ್ಪೆ ತೆರೆಯಲಾಗದಷ್ಟು ಉರಿ, ಧಾರಾಕಾರವಾಗಿ ನೀರು, ದೀಪದ ಬೆಳಕು ಬಿದ್ದರೂ ಚುಚ್ಚುವ ನೋವು. ಶೌಚಾಲಯಕ್ಕೆ ಹೋಗಲೂ ಅಪರಿಚಿತ ಸಹಪ್ರಯಾಣಿಕರ ತೋಳು ಹಿಡಿದು ನಡೆಯಬೇಕಾಯಿತು. ಆ ನಾಚಿಕೆಯನ್ನು ಬರೆಯಲೂ ಸಂಕೋಚವಾಗುತ್ತದೆ. ಸಂಸ್ಥೆಯವರು ತಂದುಕೊಟ್ಟದ್ದು ಒಂದು ಪುಟ್ಟ ಸೀಸೆ: “ಎರಡು ಹನಿ ಹಾಕಿಕೊಳ್ಳಿ, ನೋವು ಹಾರಿಹೋಗುತ್ತದೆ, ಮತ್ತೆ ಬಂದರೆ ಮತ್ತೆ ಹಾಕಿಕೊಳ್ಳಿ.” ನೋವು ನಿಜವಾಗಿಯೂ ಹೋಯಿತು, ಮತ್ತೆ ಬಂದಿತು.

ಮರುದಿನ ಕಣ್ಣಿನ ವೈದ್ಯರು ಮೊದಲು ಮಾಡಿದ ಕೆಲಸವೆಂದರೆ ಆ ಸೀಸೆಯನ್ನು ಕಿತ್ತುಕೊಂಡದ್ದು. ಅದು ಕಣ್ಣನ್ನು ಮರಗಟ್ಟಿಸುವ ಔಷಧ. ಪರೀಕ್ಷೆಗಾಗಿ ವೈದ್ಯರು ಬಳಸಬಹುದೇ ಹೊರತು ಮನೆಯಲ್ಲಿ ಪದೇ ಪದೇ ಹಾಕಿಕೊಂಡರೆ ಗಾಯ ಮಾಯುವುದು ನಿಧಾನವಾಗಿ ಕಾರ್ನಿಯಾಕ್ಕೇ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೇ, ಹಾನಿಯಾಗಬಹುದು ಎಂದರು. ನನಗಾದದ್ದು ಹಿಮಕುರುಡು, ಅಂದರೆ ಕಾರ್ನಿಯಾದ ಮೇಲ್ಪದರ ಬಿಸಿಲಿಗೆ ಸುಟ್ಟಿತ್ತು. ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ವಾಸಿಯಾಗುತ್ತದೆ ಎಂದು ಹೇಳಿ, ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ, ತಣ್ಣನೆಯ ಬಟ್ಟೆ, ತೇವ ಕಾಯುವ ಹನಿಗಳನ್ನು ಸೂಚಿಸಿದರು, ಕಣ್ಣು ಉಜ್ಜಕೂಡದೆಂದೂ ಎಚ್ಚರಿಸಿದರು.

ಕನ್ನಡಕವನ್ನು ನಾನು ಹಿಂದಿರುಗಿಸಿರಲಿಲ್ಲ. ಅದನ್ನು ಕನ್ನಡಕದ ಅಂಗಡಿಯಲ್ಲಿ ನೇರಳಾತೀತ ಕಿರಣ ಅಳೆಯುವ ಯಂತ್ರಕ್ಕೆ ಕೊಟ್ಟಾಗ, ಕಿರಣಗಳು ಹೆಚ್ಚುಕಡಿಮೆ ತಡೆಯೇ ಇಲ್ಲದೆ ಹಾದುಹೋದವು. ಬಣ್ಣ ಬಳಿದ ಬರಿಯ ಪ್ಲಾಸ್ಟಿಕ್! ಇಂಥದ್ದು ಬರಿಗಣ್ಣಿಗಿಂತಲೂ ಕೆಟ್ಟದ್ದಾಗಬಹುದು. ಕತ್ತಲಾಯಿತೆಂದು ಕಣ್ಣು ಕಿರಿದಾಗಿಸಿಕೊಳ್ಳುವುದನ್ನು ಬಿಡುತ್ತದೆ, ಪಾಪೆ ಹಿಗ್ಗುತ್ತದೆ, ಕಿರಣಗಳಿಗೆ ಬಾಗಿಲು ತೆರೆದಂತಾಗುತ್ತದೆ. ಆ ಯಂತ್ರದ ಮುಂದೆ ನಿಂತಾಗ ನೋವಿಗಿಂತ ಹೆಚ್ಚಾಗಿ ಕಾಡಿದ್ದು, ಒಂದು ಚೀಟಿ ಅಂಟಿಸಿ ಇವರು ನನ್ನನ್ನು ಏಮಾರಿಸಿದರಲ್ಲ ಎಂಬ ಸಿಟ್ಟು. ಬರಿಯ ಒಂದು ಚೀಟಿ!

ಸಂಸ್ಥೆಯ ಉತ್ತರಗಳನ್ನು ಕೇಳಿ. ಮೊದಲು, “ನಿಮ್ಮ ತಂಡದಲ್ಲಿ ಬೇರೆ ಯಾರೂ ದೂರು ಕೊಟ್ಟಿಲ್ಲ.” ಯಂತ್ರದ ಫಲಿತಾಂಶ ಕಳುಹಿಸಿದ ಮೇಲೆ, “ಚೀಟಿ ಅಂಟಿಸಿದ್ದು ನಮಗೆ ಸರಬರಾಜು ಮಾಡಿದವರು, ನಾವಲ್ಲ.” ಮತ್ತೆ ಕೇಳಿದಾಗ, “ನೀವು ಕನ್ನಡಕ ಹಿಂದಿರುಗಿಸಿಲ್ಲ, ಅದರ ಬೆಲೆಯನ್ನು ಠೇವಣಿಯಲ್ಲಿ ಮುರಿದುಕೊಳ್ಳಬೇಕಾಗುತ್ತದೆ.” ಕಣ್ಣು ಸುಟ್ಟವರಿಂದಲೇ ಕನ್ನಡಕದ ಬೆಲೆ ವಸೂಲಿ! ಕೊನೆಗೆ ಬಂದ ಸೌಜನ್ಯವೆಂದರೆ ಮುಂದಿನ ಹಿಮಪ್ರವಾಸಕ್ಕೆ ರಿಯಾಯಿತಿ.

ಹೋಗುವವರು ಸ್ವಂತ ಕನ್ನಡಕವನ್ನೇ ಕೊಂಡು, ಹೊರಡುವ ಮುನ್ನ ಯಂತ್ರದಲ್ಲಿ ಪರೀಕ್ಷಿಸಿಕೊಳ್ಳಿ. ಗಾಜು ಕಪ್ಪಗಿದೆ, ಪೋಲರೈಸ್ಡ್ (ಪ್ರತಿಫಲಿತ ಬೆಳಕಿನ ಪ್ರಖರತೆ ತಗ್ಗಿಸುವಂಥದ್ದು) ಆಗಿದೆ ಎಂಬ ಮಾತ್ರಕ್ಕೆ ಅದು ನೇರಳಾತೀತ ಕಿರಣಗಳನ್ನು ತಡೆಯುತ್ತದೆಂದು ಅರ್ಥವಲ್ಲ. ಬದಿಗಳೂ ಮುಚ್ಚಿರಬೇಕು. ಎತ್ತರದ ಹಿಮಕ್ಕೆ 4ನೇ ವರ್ಗದ, ಅಂದರೆ ಅತ್ಯಂತ ಕಪ್ಪಾದ ವರ್ಗದ ಗಾಜು ಒಳ್ಳೆಯದು, ಆದರೆ ಅದನ್ನು ಧರಿಸಿ ವಾಹನ ಓಡಿಸಬಾರದು. ಮೋಡವಿದ್ದರೂ ತೆಗೆಯಬೇಡಿ, ಮಾರ್ಗದರ್ಶಿ ನಕ್ಕರೂ ತೆಗೆಯಬೇಡಿ. ಮರಗಟ್ಟಿಸುವ ಹನಿಯ ಸೀಸೆ ಚಾಚಿದವರಿಗೆ ಅದನ್ನು ಹಾಗೆಯೇ ಹಿಂದಿರುಗಿಸಿ ವೈದ್ಯರ ಬಳಿಗೆ ಹೋಗಿ. ನನ್ನ ಠೇವಣಿ ಇನ್ನೂ ಅವರ ಬಳಿಯೇ ಇದೆ. ಕನ್ನಡಕ ನನ್ನ ಬಳಿ ಇದೆ, ಕೊಡುವುದಿಲ್ಲ.