ಭಯದ ರಾಜ್ಯದಲ್ಲಿ ಕೊಲೆಯ ತನಿಖೆ: ಮೂರು ಕಾದಂಬರಿಗಳನ್ನು ಜೊತೆಗಿಟ್ಟು ಓದಿದಾಗ

ಸರ್ವಾಧಿಕಾರದ ನಾಡಿನಲ್ಲಿ ಕೊಲೆಗಾರನ ಬೆನ್ನು ಹತ್ತುವ ಪತ್ತೇದಾರನ ಕಥೆ ಬೇಕು ಎಂದವರಿಗೆ ಮೂರು ಕಾದಂಬರಿಗಳ ಹೆಸರು ಬೇಗ ಸಿಗುತ್ತದೆ: ಮಾರ್ಟಿನ್ ಕ್ರೂಜ್ ಸ್ಮಿತ್ ಅವರ ‘ಗೋರ್ಕಿ ಪಾರ್ಕ್’ (1981), ರಾಬರ್ಟ್ ಹ್ಯಾರಿಸ್ ಅವರ ‘ಫಾದರ್‌ಲ್ಯಾಂಡ್’ (1992), ಟಾಮ್ ರಾಬ್ ಸ್ಮಿತ್ ಅವರ ‘ಚೈಲ್ಡ್ 44’ (2008). ಮೂರನ್ನೂ ಒಂದರ ಹಿಂದೊಂದು ಓದಿ, ಮುಖ್ಯ ಭಾಗಗಳನ್ನು ಮತ್ತೆ ತಿರುವಿ ನೋಡಿದ್ದೇನೆ. ಅಳೆಯಲು ಇಟ್ಟುಕೊಂಡದ್ದು ಒಂದೇ ಪ್ರಶ್ನೆ. ತಾನೇ ಲಕ್ಷಗಟ್ಟಲೆ ಜನರನ್ನು ಕೊಂದ ಪ್ರಭುತ್ವದ ಸಂಬಳ ಪಡೆಯುವವನು, ಯಾರದೋ ಒಂದು ಹೆಣದ ಸತ್ಯಕ್ಕಾಗಿ ಪ್ರಾಣವನ್ನೇಕೆ ಒತ್ತೆಯಿಡುತ್ತಾನೆ?

ಪ್ರಶ್ನೆಯನ್ನು ಅತ್ಯಂತ ಹರಿತವಾಗಿ ಎತ್ತುವುದು ‘ಚೈಲ್ಡ್ 44’. ಕಾಲ 1953, ಸ್ಟಾಲಿನ್‌ನ ಕೊನೆಯ ದಿನಗಳು. ಸಮತೆಯ ಸಮಾಜದಲ್ಲಿ ಕೊಲೆ ನಡೆಯುವುದಿಲ್ಲ ಎಂಬುದು ಸರ್ಕಾರದ ನಂಬಿಕೆ. ಹಾಗಾಗಿ ರೈಲು ಹಳಿಯ ಬಳಿ ಸತ್ತು ಬಿದ್ದ ಹುಡುಗನ ಸಾವು ‘ಅಪಘಾತ’. ಅದನ್ನು ಮಗುವನ್ನು ಕಳೆದುಕೊಂಡ ಮನೆಯವರಿಗೆ ಒಪ್ಪಿಸಿ ಬರುವ ಕೆಲಸ ಗುಪ್ತ ಪೊಲೀಸ್ ಅಧಿಕಾರಿ ಲಿಯೋ ಡೆಮಿಡೋವ್‌ನದು. ಆ ದೃಶ್ಯವನ್ನು ಓದುವುದೇ ಸಂಕಟ. ಕಣ್ಣೆದುರಿನ ದುಃಖವನ್ನು ಲಿಯೋ ಬೆದರಿಸಿ ಸುಮ್ಮನಾಗಿಸುತ್ತಾನೆ, ಅದೂ ತಾನು ಮಾಡುತ್ತಿರುವುದು ಸರಿ ಎಂದೇ ನಂಬಿ. ಮುಂದೆ ಹೆಂಡತಿ ರೈಸಾಳ ಮೇಲೆ ಗೂಢಚಾರಿಣಿ ಎಂಬ ಆರೋಪ ಬರುತ್ತದೆ. ಅವಳ ವಿರುದ್ಧ ಸಾಕ್ಷಿ ನುಡಿಯಲೊಪ್ಪದ ಲಿಯೋ ಸ್ಥಾನ ಕಳೆದುಕೊಂಡು ದೂರದ ಊರಿನ ಮಿಲಿಟ್ಸಿಯಾಕ್ಕೆ, ಅಂದರೆ ಸಾಮಾನ್ಯ ಪೊಲೀಸ್ ದಳಕ್ಕೆ, ಬೀಳುತ್ತಾನೆ. ಅಲ್ಲಿ ಅದೇ ಬಗೆಯ ಇನ್ನೊಂದು ಶವ ಎದುರಾಗುತ್ತದೆ.

ಈ ಕಥೆಯ ಹಿಂದೆ ನಿಜವಾದ ಪ್ರಕರಣವಿದೆ. 1978ರಿಂದ 1990ರವರೆಗೆ ಕೊಲ್ಲುತ್ತಲೇ ಹೋದ ಸೋವಿಯತ್ ಸರಣಿ ಕೊಲೆಗಾರ ಆಂಡ್ರೇ ಚಿಕಟಿಲೋ 1992ರಲ್ಲಿ 52 ಕೊಲೆಗಳ ಅಪರಾಧಿ ಎಂದು ಸಾಬೀತಾದ. ಅವನ ಮೊದಲ ಕೊಲೆ ಎಂದು ಹೇಳಲಾಗುವ ಶಾಖ್ತಿ ಪಟ್ಟಣದ ಬಾಲಕಿಯ ಪ್ರಕರಣದಲ್ಲಿ ಅಲೆಕ್ಸಾಂಡರ್ ಕ್ರಾವ್ಚೆಂಕೊ ಎಂಬ ಬೇರೊಬ್ಬನಿಗೆ 1983ರಲ್ಲಿ ಮರಣದಂಡನೆ ಆಗಿಹೋಗಿತ್ತು. ಕಾದಂಬರಿಕಾರ ಈ ವಸ್ತುವನ್ನು ಮೂರು ದಶಕ ಹಿಂದಕ್ಕೆ, ಸ್ಟಾಲಿನ್ ಕಾಲಕ್ಕೆ ಒಯ್ದದ್ದು ಜಾಣ ನಿರ್ಧಾರ. ಭಯ ಅಲ್ಲಿ ಮನೆಯೊಳಗಿನ ಗಾಳಿಯಲ್ಲೇ ಇದೆ.

ಆದರೂ ಇದಕ್ಕೆ ನಾನು ಮೊದಲ ಸ್ಥಾನ ಕೊಡಲಾರೆ. ಕೊನೆಯಲ್ಲಿ ಕೊಲೆಗಾರನ ಗುರುತು ಲಿಯೋನ ಸ್ವಂತ ಬಾಲ್ಯಕ್ಕೆ ಹೋಗಿ ತಗಲುತ್ತದೆ (ಇನ್ನೂ ಓದದವರಿಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ). ಒಂದು ದೇಶದ ಸುಳ್ಳಿನ ಬಗ್ಗೆ ಶುರುವಾದ ಕಥೆ ಒಂದು ಕುಟುಂಬದ ಲೆಕ್ಕ ತೀರಿಸುವುದರಲ್ಲಿ ಮುಗಿಯುತ್ತದೆ. ಅಷ್ಟು ಹೊತ್ತು ಕಟಕಟೆಯಲ್ಲಿ ನಿಂತಿದ್ದ ಪ್ರಭುತ್ವ ಮೆಲ್ಲಗೆ ಇಳಿದು ಹೋಗಿಬಿಡುತ್ತದೆ. 2015ರಲ್ಲಿ ಬಂದ ಇದರ ಸಿನಿಮಾವನ್ನು ಇತಿಹಾಸ ತಿರುಚಿದೆ ಎಂಬ ಕಾರಣ ಕೊಟ್ಟು ರಷ್ಯಾದಲ್ಲಿ ಬಿಡುಗಡೆಗೆ ಮೊದಲೇ ಹಿಂತೆಗೆದುಕೊಳ್ಳಲಾಯಿತು. ಆ ಮಟ್ಟಿಗೆ ಕಥೆಯ ಮೊದಲರ್ಧ ಇನ್ನೂ ಚುಚ್ಚುತ್ತದೆ.

‘ಫಾದರ್‌ಲ್ಯಾಂಡ್’ ಇದಕ್ಕೆ ನೇರ ವಿರುದ್ಧ. ಅಲ್ಲಿ ಪ್ರಭುತ್ವಕ್ಕೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಈ ಕಲ್ಪಿತ ಲೋಕದಲ್ಲಿ ಹಿಟ್ಲರ್ ಎರಡನೇ ಮಹಾಯುದ್ಧ ಗೆದ್ದಿದ್ದಾನೆ. 1964ರ ಏಪ್ರಿಲ್, ಅವನ 75ನೇ ಹುಟ್ಟುಹಬ್ಬಕ್ಕೆ ಬರ್ಲಿನ್ ಸಿಂಗಾರಗೊಳ್ಳುತ್ತಿದೆ. ಹಾವೆಲ್ ನೀರಿನ ದಡದಲ್ಲಿ ಒಬ್ಬ ವೃದ್ಧನ ಹೆಣ. ಕ್ರಿಪೋ (ಜರ್ಮನಿಯ ಅಪರಾಧ ತನಿಖಾ ಪೊಲೀಸ್) ಅಧಿಕಾರಿ ಕ್ಸೇವಿಯರ್ ಮಾರ್ಚ್ ಎಳೆ ಹಿಡಿದು ಹೋದಂತೆ ಅದು 1942ರ ಜನವರಿ 20ರ ವಾನ್ಸೀ ಸಭೆಗೆ ತಲುಪುತ್ತದೆ. 15 ಮಂದಿ ಮೇಜಿನ ಸುತ್ತ ಕುಳಿತು ಯುರೋಪಿನ ಯಹೂದಿಗಳ ಸರ್ವನಾಶವನ್ನು ಇಲಾಖೆಗಳ ನಡುವೆ ಹೊಂದಿಸಿಕೊಂಡ ಸಭೆ ಅದು. ನಿಜ ಇತಿಹಾಸದಲ್ಲಿ ಆ ಸಭೆಯ ವರದಿಯ 30 ಪ್ರತಿಗಳಲ್ಲಿ ಉಳಿದು ಸಿಕ್ಕಿದ್ದು ಒಂದೇ, 16ನೆಯದು, ಅದೂ 1947ರಲ್ಲಿ. ಅದೂ ಸಿಗದೇ ಹೋಗಿದ್ದರೆ ಎಂಬ ಯೋಚನೆಯೇ ಈ ಕಾದಂಬರಿಯ ಬೆನ್ನೆಲುಬು.

ಇಲ್ಲಿ ಒಂದು ತೊಡಕಿದೆ. ಮಾರ್ಚ್ ಹುಡುಕುತ್ತಿರುವುದು ಏನೆಂದು ಓದುಗನಿಗೆ ಅವನಿಗಿಂತ ಮೊದಲೇ ಗೊತ್ತು. ಆದರೆ ನನಗೆ ಅದರಿಂದ ಕುತೂಹಲ ಕುಂದಲಿಲ್ಲ, ಎದೆಬಡಿತ ಹೆಚ್ಚಿತು. ಮಾರ್ಚ್‌ನ ಪಾತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದೊಡ್ಡ ಕಡತಗಳಲ್ಲ. ತಾನಿರುವ ಮನೆಯ ಗೋಡೆಯ ಕಾಗದದ ಹಿಂದೆ ಹಿಂದಿನ ನಿವಾಸಿಗಳಾದ ಯಹೂದಿ ಕುಟುಂಬದ ಫೋಟೋ ಅವನಿಗೆ ಸಿಗುತ್ತದೆ. ಇವರು ಎಲ್ಲಿ ಹೋದರು ಎಂದು ಅವನು ಕೇಳುತ್ತಾನೆ. ಕೇಳಬಾರದ್ದನ್ನು ಕೇಳದೆ ಇರಲಾರದ ಸ್ವಭಾವ ಅದು. ನನ್ನ ಪ್ರಶ್ನೆಗೆ ಇದು ಒಳ್ಳೆಯ ಉತ್ತರವೇ. ಕೊರತೆ ಎಂದರೆ ಅಮೆರಿಕದ ಪತ್ರಕರ್ತೆಯ ಜೊತೆಗಿನ ಪ್ರೇಮ ತೆಳುವಾಗಿದೆ, ಕೆಲವೆಡೆ ಓಟವೇ ಜಾಸ್ತಿಯಾಗಿದೆ.

ಹಾಗಾದರೆ ‘ಗೋರ್ಕಿ ಪಾರ್ಕ್’? ಮಾಸ್ಕೋದ ಉದ್ಯಾನದಲ್ಲಿ ಹಿಮ ಕರಗುವ ಹೊತ್ತಿಗೆ ಮೂರು ಹೆಣಗಳು ಮೇಲೆ ಬರುತ್ತವೆ. ಕಾಲಲ್ಲಿ ಸ್ಕೇಟಿಂಗ್ ಬೂಟು, ಮುಖ ಮತ್ತು ಬೆರಳ ತುದಿಗಳು ಕತ್ತರಿಸಿ ಹೋಗಿವೆ. ಮಹಜರು ಮುಗಿಯುವ ಮುಂಚೆಯೇ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಮೇಜರ್ ಪ್ರಿಬ್ಲುಡಾ ಹಾಜರು. ಮುಖ್ಯ ತನಿಖಾಧಿಕಾರಿ ಅರ್ಕಾಡಿ ರೆಂಕೊಗೆ ಮೊದಲು ಬೇಕಿರುವುದು ಈ ಕೇಸು ತನ್ನ ಕೈಬಿಟ್ಟು ಕೆಜಿಬಿಗೆ ಹೋಗಬೇಕು, ಅಷ್ಟೇ. ಈ ಒಂದು ಅಂಶದಲ್ಲೇ ಪುಸ್ತಕ ಉಳಿದೆರಡನ್ನೂ ಮೀರಿಸುತ್ತದೆ. ರೆಂಕೊ ವೀರನಾಗಿ ಹೊರಟವನಲ್ಲ. ಕೇಸನ್ನು ಅವರು ತೆಗೆದುಕೊಳ್ಳಲೇಬೇಕಾಗುವಂತೆ ಸಾಕ್ಷ್ಯ ಜೋಡಿಸುತ್ತಾ ಹೋಗುತ್ತಾನೆ. ಜೋಡಿಸಿದಷ್ಟೂ ಬಿಡಲಾಗದೆ ಸಿಕ್ಕಿಕೊಳ್ಳುತ್ತಾನೆ. ತಲೆಬುರುಡೆಯ ಮೇಲೆ ಮುಖವನ್ನು ಮತ್ತೆ ರೂಪಿಸಲು ಪ್ರೊಫೆಸರ್ ಆಂಡ್ರೀವ್ ಅವರನ್ನು ಹಿಡಿಯುವ ಭಾಗವಂತೂ ನನಗೆ ಇಡೀ ಕಾದಂಬರಿಯ ಜೀವ. ಗುರುತನ್ನೇ ಅಳಿಸಲು ಹೊರಟವರ ಎದುರು, ಸತ್ತವಳಿಗೊಂದು ಮುಖ ಕೊಡುವ ತಾಳ್ಮೆಯ ಕೈಕೆಲಸ. ಭಾಷಣವಿಲ್ಲ, ಪ್ರತಿಜ್ಞೆಯಿಲ್ಲ. ತನ್ನ ಕೆಲಸವನ್ನು ಸರಿಯಾಗಿ ಮಾಡುವುದೇ ಅಲ್ಲಿ ರಾಜದ್ರೋಹದ ಅಂಚಿಗೆ ಬಂದು ನಿಲ್ಲುತ್ತದೆ.

ಇಲ್ಲಿ ಪ್ರಭುತ್ವ ಕಿರುಚುವುದೂ ಇಲ್ಲ. ಹೆಂಡತಿ ಜೋಯಾಳಿಗೆ ಗಂಡನ ಪಕ್ಷನಿಷ್ಠೆ ಸಾಲದು ಎಂಬ ಅಸಮಾಧಾನ, ಮೇಲಧಿಕಾರಿಯ ನಯವಾದ ಮಾತು, ಯಾರ ವರದಿ ಯಾರ ಮೇಜಿಗೆ ಹೋಗುತ್ತದೆ ಎಂಬ ಅನುಮಾನ, ಇಂಥದರಲ್ಲೇ ಉಸಿರುಗಟ್ಟುತ್ತದೆ. ಸೋವಿಯತ್ ನಾಡಿನಲ್ಲಿ ನಿಷೇಧವಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೊಲೆಗಾರ ಸೋವಿಯತ್ ವ್ಯವಸ್ಥೆಯವನೇ ಎಂದು ಕೈತೊಳೆದುಕೊಳ್ಳಲು ಲೇಖಕರು ಪಾಶ್ಚಾತ್ಯ ಓದುಗನಿಗೂ ಬಿಡುವುದಿಲ್ಲ: ತುಪ್ಪಳದ ವ್ಯಾಪಾರಿ, ಅಮೆರಿಕದ ಶ್ರೀಮಂತ ಓಸ್ಬೋರ್ನ್ ಕಥೆಯ ನಡುವೆಯೇ ಇದ್ದಾನೆ. ಕಥೆ ನ್ಯೂಯಾರ್ಕಿಗೆ ಹಾರಿದ ಮೇಲೆ ಬಿಗಿ ಸ್ವಲ್ಪ ಸಡಿಲವಾಗುವುದು ನಿಜ.

ಒಂದೇ ರಾತ್ರಿಯಲ್ಲಿ ಓದಿಸಿಕೊಂಡು ಹೋಗುವಂಥದ್ದು ಬೇಕಿದ್ದರೆ ‘ಚೈಲ್ಡ್ 44’ ಎತ್ತಿಕೊಳ್ಳಿ. ಮಕ್ಕಳ ಹಿಂಸೆಯ ವಿವರ ತಾಳಲಾರದವರು ದೂರವಿರಿ. ಇತಿಹಾಸದ ಓದು ಇರುವವರಿಗೆ ‘ಫಾದರ್‌ಲ್ಯಾಂಡ್’ ಹೆಚ್ಚು ಕೊಡುತ್ತದೆ. ಒಂದೇ ಪುಸ್ತಕಕ್ಕೆ ಸಮಯವಿದ್ದರೆ ನಾನು ‘ಗೋರ್ಕಿ ಪಾರ್ಕ್’ ಎನ್ನುತ್ತೇನೆ. ಮೊದಲ ನೂರು ಪುಟ ನಿಧಾನವೆನಿಸಿದರೆ ಬಿಟ್ಟುಬಿಡಬೇಡಿ, ಆಂಡ್ರೀವ್ ಬರುವವರೆಗಾದರೂ ಓದಿ.