ಹಾಡುವ ಪಾಟಿ ಸೀಟು: 11 ತಿಂಗಳು ಬಳಸಿದ ಮೇಲೆ

ಚಿಕ್ಕ ಮಕ್ಕಳನ್ನು ಉಚ್ಚೆ, ಕಕ್ಕಕ್ಕೆ ಕೂರಿಸುವ, ಬಾತುಕೋಳಿ ಆಕಾರದ, ಹಾಡು ಹೇಳುವ ಈ ಪಾಟಿ ಸೀಟನ್ನು ಕಳೆದ ಏಪ್ರಿಲ್‌ನಲ್ಲಿ 1,150 ರೂಪಾಯಿ ಕೊಟ್ಟು ತೆಗೆದುಕೊಂಡೆ. ಆಗ ಮಗಳಿಗೆ 2 ವರ್ಷ 1 ತಿಂಗಳು. ಈಗ 3 ತುಂಬಿದೆ. ಸೀಟು ಇನ್ನೂ ಮನೆಯಲ್ಲಿದೆ, ದಿನಾ ಬಳಸುತ್ತೇವೆ. ಬಣ್ಣ, ಅಳತೆ, ಎಷ್ಟು ತೂಕ ತಡೆಯುತ್ತದೆ ಅನ್ನುವುದೆಲ್ಲ ಡಬ್ಬದ ಮೇಲೇ ಇದೆ. ನಾನು ಹೇಳಬೇಕಾಗಿರುವುದು ಆ ಹಾಡಿನ ಬಗ್ಗೆ.

ಒಳಗಿನ ಬಟ್ಟಲಿನ ತಳದಲ್ಲಿ ಎರಡು ಸಣ್ಣ ಲೋಹದ ಬೊಟ್ಟುಗಳಿವೆ. ಎರಡನ್ನೂ ಒದ್ದೆ ಮುಟ್ಟಿದರೆ ಕರೆಂಟು ಹರಿದು ಹಾಡು ಶುರುವಾಗುತ್ತದೆ, ಜೊತೆಗೆ ಚಪ್ಪಾಳೆ. ಹಾಡು ಕೇಳಿ ಮಗು ಖುಷಿಯಾಗುತ್ತದೆ, ತಾನಾಗಿಯೇ ಬಂದು ಕೂರುತ್ತದೆ ಎಂದು ಬರೆದಿದ್ದರು. ಅದನ್ನು ನಂಬಿ, ಅಂಗಡಿಯಲ್ಲಿ 350 ರೂಪಾಯಿಗೆ ಸಿಗುತ್ತಿದ್ದ ಸಾದಾ ಸೀಟು ಬಿಟ್ಟು ಇದಕ್ಕೆ ದುಡ್ಡು ಹಾಕಿದೆ. ನನಗೆ ಅವಸರವೂ ಇತ್ತು. ಜೂನ್‌ನಲ್ಲಿ ಪ್ಲೇಸ್ಕೂಲಿಗೆ ಸೇರಿಸಬೇಕಿತ್ತು, ಅಷ್ಟರೊಳಗೆ ಡೈಪರ್ ಬಿಡಿಸಿರಬೇಕು ಎಂದು ಅಲ್ಲಿ ಹೇಳಿದ್ದರು.

ಮೊದಲ ಎರಡು ದಿನ ಅವಳು ಸುಮ್ನೆ ಕೂತು ಎದ್ದಳು. ಮೂರನೇ ದಿನ ಬೆಳಿಗ್ಗೆ ನಾಲ್ಕು ಹನಿ ಉಚ್ಚೆ ಬಿತ್ತು. ತಕ್ಷಣ ಅವಳು ಕೂತ ಜಾಗದ ಕೆಳಗಿನಿಂದಲೇ ಜೋರಾಗಿ ಹಾಡು ಎದ್ದಿತು. ಬೆಚ್ಚಿಬಿದ್ದು ಎದ್ದಳು. ಉಳಿದದ್ದು ನೆಲಕ್ಕೆ ಹೋಯಿತು. ಓಡಿ ಬಂದು ನನ್ನ ಕಾಲು ತಬ್ಬಿಕೊಂಡವಳು ಹತ್ತು ನಿಮಿಷ ಬಿಡಲಿಲ್ಲ. ಹಾಡು ಮಾತ್ರ ನಿಲ್ಲಲಿಲ್ಲ. ಸದ್ದು ಕಡಿಮೆ ಮಾಡುವ ಬಟನ್ ಇಲ್ಲ, ಆಫ್ ಮಾಡುವ ಸ್ವಿಚ್ ಕೂಡ ಇಲ್ಲ.

ಅದೇ ರಾತ್ರಿ ಇನ್ನೊಂದಾಯಿತು. ಬಟ್ಟಲು ತೊಳೆದು ಹಾಗೇ ಜಾಗಕ್ಕೆ ಇಟ್ಟಿದ್ದೆ. ಅಂಚಿನಲ್ಲಿ ಉಳಿದಿದ್ದ ನೀರು ನಿಧಾನವಾಗಿ ಇಳಿದು ತಳದಲ್ಲಿ ನಿಂತಿರಬೇಕು. ರಾತ್ರಿ ಎರಡು ಗಂಟೆಗೆ ಬಚ್ಚಲುಮನೆಯ ಕತ್ತಲಲ್ಲಿ ಬಾತುಕೋಳಿ ಹಾಡತೊಡಗಿತು. ಮಗು ಕಿರುಚಿಕೊಂಡು ಎದ್ದಳು. ಮಾರನೇ ದಿನದಿಂದ ಸೀಟು ಕಂಡರೆ ಸಾಕು, 'ಬಾತು ಬೇಡ, ಬಾತು ಬೇಡ' ಅನ್ನುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಅವಳು ಕಕ್ಕ ತಡೆಹಿಡಿಯಲು ಶುರು ಮಾಡಿದಳು. ಕಿಟಕಿಯ ಪರದೆ ಹಿಂದೆ ಹೋಗಿ, ಕಾಲು ಬಿಗಿಯಾಗಿ ಜೋಡಿಸಿ, ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಮುಖ ಕೆಂಪಾಗುತ್ತಿತ್ತು. ಪಾಪ, ಕಕ್ಕ ಮಾಡಲು ತಿಣುಕುತ್ತಿದ್ದಾಳೆ ಅಂದುಕೊಂಡೆ. ನಾಲ್ಕು ದಿನ ಹಾಗೇ ಕಳೆದು, ಐದನೇ ದಿನ ಕಲ್ಲಿನಂತೆ ಗಟ್ಟಿಯಾಗಿ ಹೋದಾಗ ಅವಳು ಅತ್ತ ಅಳು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಮಕ್ಕಳ ಡಾಕ್ಟರ್ ಸಮಾಧಾನವಾಗಿ ವಿವರಿಸಿದರು. ಹಾಗೆ ನಿಲ್ಲುವ ಮಗು ತಿಣುಕುತ್ತಿಲ್ಲ, ಬಿಗಿಹಿಡಿಯುತ್ತಿದೆ. ಮಲ ಕರುಳಿನಲ್ಲಿ ಹೆಚ್ಚು ಹೊತ್ತು ಉಳಿದಷ್ಟೂ ಅದರ ನೀರೆಲ್ಲ ಹೀರಿಹೋಗಿ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ನೋವು, ನೋವಾದರೆ ಭಯ, ಭಯಕ್ಕೆ ಮತ್ತೆ ಬಿಗಿಹಿಡಿಯುವುದು. ಮಲ ಮೆತ್ತಗಾಗಲು ಸಿರಪ್ ಬರೆದುಕೊಟ್ಟರು. ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಸುತ್ತಿದ್ದೆ, ಎರಡಕ್ಕೆ ಇಳಿಸಿ ಅಂದರು. ನೀರು, ಪಪ್ಪಾಯಿ, ಸೊಪ್ಪು ಜಾಸ್ತಿ ಮಾಡಿ ಅಂದರು. 'ಸದ್ಯಕ್ಕೆ ಟ್ರೈನಿಂಗ್ ಬಿಟ್ಟುಬಿಡಿ. ಡೈಪರ್‌ನಲ್ಲೇ ಮಾಡಲಿ. ಮೊದಲು ಅವಳು ನೋವು ಮರೆಯಬೇಕು,' ಎಂದರು. ಆ ಹೊತ್ತಿನಲ್ಲಿ ಈ ಸೀಟಿಗೆ ಒಂದು ಸ್ಟಾರ್ ಕೂಡ ಕೊಡುತ್ತಿರಲಿಲ್ಲ. ಸದ್ದು ನಿಲ್ಲಿಸುವುದು ಹೇಗೆ ಎಂದು ಮಾರಿದವರಿಗೆ ಬರೆದು ಕೇಳಿದೆ. ಮಕ್ಕಳಿಗೆ ಸಂಗೀತ ಇಷ್ಟ ಎಂದು ಉತ್ತರ ಬಂತು. ನನ್ನ ಮಗಳ ಭಯಕ್ಕೆ ಅದು ಉತ್ತರವಾ?

ಎರಡು ತಿಂಗಳು ಸೀಟು ಅಟ್ಟದ ಮೇಲಿತ್ತು. ಆ ದಿನಗಳಲ್ಲಿ ಓದಿದ ಒಂದು ವಿಷಯ ನನಗೆ ಧೈರ್ಯ ಕೊಟ್ಟಿತು. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೆಜಲ್ಟನ್ ತಾವು ನೋಡಿದ 1,170 ಮಕ್ಕಳ ವಿವರವನ್ನು 1962ರಲ್ಲೇ ಪ್ರಕಟಿಸಿದ್ದರು. ಆ ಮಕ್ಕಳು ಹಗಲಿನ ಮಟ್ಟಿಗೆ ಕಲಿತದ್ದು ಸರಾಸರಿ 28.5 ತಿಂಗಳಿಗೆ. ನಾನು 25ನೇ ತಿಂಗಳಿಗೇ ಕೈಚೆಲ್ಲಿ ಕೂತಿದ್ದೆ. ಅವರ ಕ್ರಮದಲ್ಲಿ ಮೊದಲು ಬಟ್ಟೆ ಹಾಕಿಕೊಂಡೇ ಮಗು ಸೀಟಿನ ಮೇಲೆ ಕೂರುತ್ತದೆ. ಬೇಡ ಅಂದರೆ ಅಲ್ಲಿಗೆ ಬಿಡಬೇಕು, ಬಲವಂತ ಇಲ್ಲ.

ಜುಲೈನಲ್ಲಿ ಸೀಟು ಕೆಳಗಿಳಿಸಿದೆ. ತಳದ ನಾಲ್ಕು ಸ್ಕ್ರೂ ಬಿಚ್ಚಿ ಬ್ಯಾಟರಿ ತೆಗೆದೆ. ಬಟ್ಟಲಿಗೆ ಚೊಂಬು ನೀರು ಸುರಿದು, 'ನೋಡು ಪುಟ್ಟಿ, ಬಾತು ಮಲಗಿಬಿಟ್ಟಿದೆ,' ಎಂದು ತೋರಿಸಿದೆ. ಅವಳೇ ಇನ್ನೊಂದು ಚೊಂಬು ಸುರಿದು, ಕಿವಿ ಇಟ್ಟು ಕೇಳಿ ನೋಡಿದಳು. ಆಮೇಲೆ ಅದನ್ನು ಹಾಲ್‌ನಲ್ಲಿ ಇಟ್ಟೆ. ಒಂದು ವಾರ ಅವಳ ಗೊಂಬೆ ಅದರ ಮೇಲೆ ಕೂತಿತು. ಆಮೇಲೆ ಇವಳು ಚಡ್ಡಿ ಹಾಕಿಕೊಂಡೇ ಕೂತಳು. ಒಂದು ದಿನ ತಾನೇ ಚಡ್ಡಿ ಇಳಿಸಿ ಕೂತಳು.

ಅಲ್ಲಿಂದ ಈ ಸೀಟಿನ ಮೇಲೆ ನನಗೆ ಪ್ರೀತಿ ಹುಟ್ಟಿತು. ನಮ್ಮದು ಮೈಸೂರಿನಲ್ಲಿ ಎರಡು ರೂಮಿನ ಬಾಡಿಗೆ ಮನೆ. ಬೆಳಿಗ್ಗೆ ಇಡ್ಲಿಯೋ ದೋಸೆಯೋ ತಿಂದ ಹತ್ತು ನಿಮಿಷಕ್ಕೆ ಅವಳು ಸೀಟನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಬಾಲ್ಕನಿ ಬಾಗಿಲಿಗೆ ಹೋಗುತ್ತಾಳೆ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ಚುರುಕಾಗುತ್ತದೆ, ಅದಕ್ಕೇ ತಿಂದ ಮೇಲಿನ ಹೊತ್ತು ಒಳ್ಳೆಯದು. ಅಲ್ಲಿಂದ ಕಸದ ಗಾಡಿ ಕಾಣುತ್ತದೆ. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತು ಬೀನ್ಸ್ ಸೋಸುತ್ತೇನೆ. ಒಂದು ಬೀನ್ಸ್ ಅವಳ ಕೈಗೆ, ಅದು ಅವಳ ಫೋನು. ಅಜ್ಜಿಗೆ ಫೋನ್ ಮಾಡಿ 'ನಾನು ಕಕ್ಕ ಮಾಡ್ತಾ ಇದೀನಿ' ಅನ್ನುತ್ತಾಳೆ. ಐದು ನಿಮಿಷ ಅಷ್ಟೇ. ಬರದಿದ್ದರೆ ಎದ್ದು ಹೋಗಬಹುದು. ಬಂದರೆ, ಬಟ್ಟಲನ್ನು ನನ್ನ ಜೊತೆ ಹಿಡಿದುಕೊಂಡು ಟಾಯ್ಲೆಟ್‌ಗೆ ಸುರಿದು 'ಟಾಟಾ' ಹೇಳುತ್ತಾಳೆ. ಮುಂದಿನಿಂದ ಹಿಂದಕ್ಕೆ ತೊಳೆಯುತ್ತೇನೆ. ಆಮೇಲೆ ಇಬ್ಬರೂ ಸೋಪು ಹಾಕಿ ಕೈ ತೊಳೆಯುತ್ತೇವೆ. ದಿನದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಇದೇ.

ಸೀಟು ತೀರಾ ಗಿಡ್ಡ. ಅದೇ ಇದರ ದೊಡ್ಡ ಗುಣ. ಪಾದ ಪೂರ್ತಿ ನೆಲಕ್ಕೆ ತಾಗುತ್ತದೆ, ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ. ಹಾಗೆ ಕೂತಾಗ ಗುದದ್ವಾರದ ಹತ್ತಿರ ಕರುಳನ್ನು ಬಿಗಿದಿಟ್ಟಿರುವ ಸ್ನಾಯು ಸಡಿಲವಾಗುತ್ತದೆ. ಕಮೋಡ್ ಮೇಲೆ ಇಡುವ ರಿಂಗನ್ನೂ ಪ್ರಯತ್ನಿಸಿದ್ದೆ. ಕಾಲು ಗಾಳಿಯಲ್ಲಿ ತೂಗುತ್ತಿತ್ತು, ಬೀಳುವ ಹೆದರಿಕೆಗೆ ಅಂಚು ಹಿಡಿದುಕೊಂಡೇ ಇರುತ್ತಿದ್ದಳು. ಚನ್ನರಾಯಪಟ್ಟಣದ ಹತ್ತಿರ ನಮ್ಮ ಅತ್ತೆಯ ಊರಿಗೆ ಹೋದಾಗ ಸೀಟು ಒಯ್ದಿರಲಿಲ್ಲ. ಅತ್ತೆ ಹಿತ್ತಲಲ್ಲಿ ಎರಡು ಇಟ್ಟಿಗೆ ಇಟ್ಟು ಕೂರಿಸಿ, ಮುಂದೆ ತಾವೂ ಕುಕ್ಕರುಗಾಲಲ್ಲಿ ಕೂತು 'ಸ್ಸ್ಸ್' ಅಂದರು. ಎರಡೇ ನಿಮಿಷ. ಅವಳು ಕೂಸಾಗಿದ್ದಾಗ ಕಾಲು ನೀಡಿ, ಪಾದದ ಮೇಲೆ ಕೂರಿಸಿ ಇದೇ ಸದ್ದು ಮಾಡುತ್ತಿದ್ದರು. ನಾನು ಅಂಗಡಿಯಿಂದ ತಂದ ಹಾಡಿಗಿಂತ ಆ ಸದ್ದು ಅವಳಿಗೆ ಮೊದಲೇ ಗೊತ್ತಿತ್ತು.

ಬೇರೆ ತೊಂದರೆಗಳೂ ಇವೆ. ಗಂಡುಮಕ್ಕಳ ಉಚ್ಚೆ ಆಚೆ ಸಿಡಿಯದಿರಲೆಂದು ಮುಂದೆ ಒಂದು ಉಬ್ಬು ಇದೆ, ಅವಸರದಲ್ಲಿ ಕೂತರೆ ಹೆಣ್ಣುಮಗುವಿಗೆ ಒತ್ತುತ್ತದೆ. ನಮ್ಮದರಲ್ಲಿ ಅದನ್ನು ಕಳಚಲು ಬರುವುದಿಲ್ಲ. ಬಟ್ಟಲು ಮತ್ತು ಸೀಟಿನ ನಡುವಿನ ಸಂದಿಗೆ ಉಚ್ಚೆ ಇಳಿದು ವಾಸನೆ ಬರುತ್ತದೆ. ವಾರಕ್ಕೆರಡು ಸಲ ಪೂರ್ತಿ ಬಿಚ್ಚಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ಬಿಸಿಲಿಗಿಡಬೇಕು.

ಪ್ಲೇಸ್ಕೂಲಿಗೆ ಜೂನ್ ಬದಲು ದಸರಾ ರಜೆ ಮುಗಿದ ಮೇಲೆ, ಬೇರೆ ಕಡೆ ಸೇರಿಸಿದೆವು. ಅಲ್ಲಿ ಒಂದು ಜೊತೆ ಬಟ್ಟೆ ಜಾಸ್ತಿ ಕಳಿಸಿ ಅಂದರು, ಅಷ್ಟೇ. ಹಗಲಿಗೆ ಡೈಪರ್ ಇಲ್ಲ. ಮೊದಲು ದಿನಕ್ಕೆ ಐದು ಬೇಕಾಗುತ್ತಿತ್ತು, ಒಂದಕ್ಕೆ 12 ರೂಪಾಯಿಯಂತೆ ತಿಂಗಳಿಗೆ 1,800. ಈಗ ರಾತ್ರಿಗೆ ಒಂದು, 360. ರಾತ್ರಿಯದಕ್ಕೆ ನಾನು ಕೈ ಹಾಕಿಲ್ಲ. ಅದು ಕಲಿಸಿ ಬರುವಂಥದ್ದಲ್ಲ, ದೇಹ ಬೆಳೆದಂತೆ ಬರುತ್ತದೆ, 5 ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಕಾಯಿಲೆ ಅಂದುಕೊಳ್ಳಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ.

ಹಾಡಿಲ್ಲದ ಈ ಸೀಟಿಗೆ 5ರಲ್ಲಿ 4 ಕೊಡುತ್ತೇನೆ. ಹಾಡಿರುವುದಕ್ಕೆ 1. ನೀವು ಹೊಸದಾಗಿ ತೆಗೆದುಕೊಳ್ಳುವುದಾದರೆ 350ರ ಸಾದಾ ಸೀಟೇ ಸಾಕು. ಮಗುವನ್ನು ಅಂಗಡಿಗೇ ಕರೆದುಕೊಂಡು ಹೋಗಿ ಕೂರಿಸಿ, ಪಾದ ನೆಲಕ್ಕೆ ತಾಗುತ್ತದಾ ನೋಡಿ. ಈಗಾಗಲೇ ಇದೇ ಸೀಟು ಮನೆಗೆ ಬಂದಿದ್ದರೆ ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಮಗುವಿಗೆ ತೋರಿಸಿ.

ನನ್ನ ತಂಗಿಯ ಮಗನಿಗೆ ಈಗ 1 ವರ್ಷ 10 ತಿಂಗಳು. ಸೀಟು ಯಾವಾಗ ಕೊಡ್ತೀಯಾ ಎಂದು ಅವಳು ಕೇಳುತ್ತಿದ್ದಾಳೆ. ಅವನಿಗೆ ಆ ಮುಂದಿನ ಉಬ್ಬು ಉಪಯೋಗಕ್ಕೂ ಬರುತ್ತದೆ. ನಿನ್ನೆ ಮಗಳನ್ನು ಕೇಳಿದೆ. 'ಬಾತು ನಂದು,' ಅಂದಳು. ಇನ್ನೊಂದೆರಡು ತಿಂಗಳು ಇರಲಿ ಎಂದು ತಂಗಿಗೆ ಹೇಳಿದ್ದೇನೆ.